ಹೊಳೆ ದೂರವಿದೆಯೆಂದು ಮಲಗದಿರೋಣ



ಕೆಲವು ದಿನಗಳ ಹಿಂದೆ ಬೀಳಗಿ ತಾಲೂಕಿನ ಬಾಡಗಂಡಿಯಲ್ಲಿ ಭಕ್ತರೊಬ್ಬರ ಮನೆಯ ಶಿವಾನುಭವ ಗೋಷ್ಠಿಗೆ ನಾವು ಹೋಗಿದ್ದೆವು. ಪ್ರವಚನ ಮುಗಿದು ಪ್ರಸಾದವೂ ಆಗಿತ್ತು. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದ ವಯೋವೃದ್ಧ ತಾಯಿಯೊಬ್ಬಳು ನಮ್ಮನ್ನು ಕರೆದು ಕೇಳಿದಳು:

“ಅಪ್ಪಾರ, ಸಮುದ್ರ ಎಲ್ಲಿ ಐತಿ, ನಾವು ಎಲ್ಲಿ ಅದೀವಿ? ಅಲ್ಲಿ ಗಾಳಿ ಎದ್ದರ ಇಲ್ಲಿ ನಮ್ಮ ಮಾಳಗಿ ಯಾಕ ಬೀಳಬೇಕ್ರಿ?”

ಕುಳಿತವರಲ್ಲಿ ಕೆಲವರು ನಕ್ಕರು. ಆ ತಾಯಿ ನಗಲಿಲ್ಲ. ಆಕೆಯ ತವರು ಹುನಗುಂದ ಸೀಮೆಯ ಒಂದು ಸಣ್ಣ ಊರು. 2009ರ ಮಹಾಮಳೆಯಲ್ಲಿ ಆಕೆಯ ಹೆತ್ತ ತಾಯಿ, ಮಲಗಿದ್ದಲ್ಲಿಯೇ ಮಾಳಿಗೆ ಕುಸಿದು ಲಿಂಗೈಕ್ಯಳಾದಳಂತೆ. “ಹೊಳಿ ಎರಡು ಹರದಾರಿ ದೂರ ಇತ್ತರಿ. ನಮಗೇನ ಆಗತೈತಿ ಅಂತ ನಮ್ಮವ್ವ ಮಲಗಿದ್ಲು” ಎಂದು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ಪ್ರಶ್ನೆಗೆ ಅಂದು ನಮಗೆ ತಿಳಿದ ಮಟ್ಟಿಗೆ ಉತ್ತರ ಹೇಳಿ ಬಂದೆವು. ಆದರೆ ಅದು ಒಬ್ಬ ತಾಯಿಯ ಪ್ರಶ್ನೆಯಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಪ್ರತಿಯೊಂದು ಮನೆತನವೂ ಕೇಳಿ ತಿಳಿಯಬೇಕಾದ ಪ್ರಶ್ನೆ. ಆದಕಾರಣ ಈ ತಿಂಗಳ ನಮ್ಮ ಮಾತನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ನಮ್ಮ ಸೀಮೆಯ ಜನಕ್ಕೆ ಪ್ರವಾಹವೆಂದರೆ ಹೊಳೆಯ ಪ್ರವಾಹ. ಕೃಷ್ಣೆ ಮತ್ತು ಘಟಪ್ರಭೆ ನಮಗೆ ಅನ್ನ ಕೊಟ್ಟ ತಾಯಂದಿರು. ಸಿಟ್ಟು ಬಂದಾಗ ಹೇಗೆ ಏರುತ್ತಾರೆಂಬುದನ್ನು ನಾವು 2005ರಲ್ಲಿ ಕಂಡೆವು, 2019ರ ಆಗಸ್ಟ್ ತಿಂಗಳಲ್ಲಿ ಮತ್ತೆ ಕಂಡೆವು. ಆ ವರ್ಷ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಮಿಕ್ಕಿ ನೀರನ್ನು ಹೊರಬಿಡಬೇಕಾಯಿತು. ಘಟಪ್ರಭೆಯ ದಂಡೆಯ ಊರುಗಳು ನೀರಿನಲ್ಲಿ ನಿಂತವು. ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿದಳು. ಆದರೆ ಈ ಹೊಳೆಗಳ ನೀರಿಗೆ ಒಂದು ಗುಣವುಂಟು. ಅದು ಹೇಳಿ ಬರುತ್ತದೆ. ಸಹ್ಯಾದ್ರಿಯಲ್ಲಿ ಮಳೆ ಸುರಿಯಬೇಕು, ಕೊಯ್ನಾ ತುಂಬಬೇಕು, ಹಿಡಕಲ್ ತುಂಬಬೇಕು. ಬಳಿಕ ಬಾಗಿಲು ತೆರೆದ ಸುದ್ದಿ ಬರುತ್ತದೆ, ಡಂಗುರ ಸಾರುತ್ತಾರೆ, ದನಕರುಗಳನ್ನು ಹೊಡೆದುಕೊಂಡು ಎತ್ತರಕ್ಕೆ ಹೋಗಲು ಹೊತ್ತು ಸಿಗುತ್ತದೆ.

ಹಳ್ಳದ ನೀರು ಹಾಗಲ್ಲ. ಅದು ಹೇಳದೆ ಬರುತ್ತದೆ. ವರ್ಷದ ಹತ್ತು ತಿಂಗಳು ಒಣಗಿ ಬಿದ್ದಿರುವ ಹಳ್ಳ, ಮಕ್ಕಳು ಆಡುವ ಹಳ್ಳ, ನಾವು ಕಾಲಿನ ಕೆರವನ್ನೂ ತೆಗೆಯದೆ ದಾಟುವ ಹಳ್ಳ, ಒಂದು ತಾಸಿನೊಳಗೆ ಆನೆಯನ್ನು ಒಯ್ಯಬಲ್ಲ ಹೊಳೆಯಾಗುತ್ತದೆ. ನಮ್ಮ ತಲೆಯ ಮೇಲೆ ಒಂದು ಹನಿ ಬೀಳದಿರಬಹುದು. ನಾಲ್ಕು ಹರದಾರಿ ಆಚೆಯ ಗುಡ್ಡದಲ್ಲಿ ಸುರಿದ ಮಳೆ ನಮ್ಮ ಊರ ಹಳ್ಳದಲ್ಲಿ ಬಂದು ನಿಲ್ಲುತ್ತದೆ. ಇದೇ ದಿಢೀರ್ ಪ್ರವಾಹ. ಇಂತಹ ಮಳೆಯನ್ನು ಹೆಚ್ಚಾಗಿ ಹೊತ್ತು ತರುವುದು ಮುಂಗಾರಿನ ಕೊನೆಗೆ, ಹಿಂಗಾರಿನ ಮೊದಲಿಗೆ, ಬಂಗಾಳ ಕೊಲ್ಲಿಯಲ್ಲಿ ಏಳುವ ವಾಯುಭಾರ ಕುಸಿತ ಮತ್ತು ಚಂಡಮಾರುತಗಳು.

ಆ ತಾಯಿಗೆ ನಾವು ಹೇಳಿದ ದೃಷ್ಟಾಂತವನ್ನೇ ಇಲ್ಲಿಯೂ ಹೇಳುತ್ತೇವೆ. ಮಜ್ಜಿಗೆ ಕಡೆಯುವಾಗ ಕಡಗೋಲು ಗಡಿಗೆಯ ನಡುವೆ ತಿರುಗುತ್ತದೆ. ಹನಿ ಮಾತ್ರ ಗಡಿಗೆಯಾಚೆ ಕುಳಿತವರ ಮೈಮೇಲೆ ಸಿಡಿಯುತ್ತದೆ. ಚಂಡಮಾರುತದ ನಡುಭಾಗ ಕಡಲಲ್ಲಿದ್ದಾಗಲೇ ಅದರ ಸುತ್ತಲಿನ ಮೋಡದ ಸಾಲುಗಳು ನೂರಾರು ಕಿಲೋಮೀಟರ್ ದೂರದವರೆಗೆ ಚಾಚಿರುತ್ತವೆ. ಅದು ಬೆಚ್ಚಗಿನ ಕಡಲಿನ ತೇವವನ್ನು ಎಳೆದು ಎಳೆದು ನೆಲದ ಮೇಲಕ್ಕೆ ನೂಕುತ್ತದೆ. ಗಾಳಿ ಇನ್ನೂ ದಡ ಮುಟ್ಟಿರುವುದಿಲ್ಲ, ಮಳೆ ಮೊದಲೇ ಮುಟ್ಟಿರುತ್ತದೆ. ದಡ ದಾಟಿದ ಮೇಲೆ ಗಾಳಿಯ ಬಲ ಉಡುಗುತ್ತದೆ. ಮಳೆಯ ಬಲ ಕೂಡಲೇ ಉಡುಗುವುದಿಲ್ಲ.

2020ರ ಅಕ್ಟೋಬರ್ 13ರಂದು ಬಂಗಾಳ ಕೊಲ್ಲಿಯ ಒಂದು ತೀವ್ರ ವಾಯುಭಾರ ಕುಸಿತವು ಆಂಧ್ರದ ಕಾಕಿನಾಡದ ಬಳಿ ನೆಲಕ್ಕೆ ಬಂದಿತು. ಅಲ್ಲಿಂದ ತೆಲಂಗಾಣ, ನಮ್ಮ ಉತ್ತರ ಕರ್ನಾಟಕ, ಮಹಾರಾಷ್ಟ್ರಗಳನ್ನು ದಾಟಿ ಅರಬ್ಬೀ ಸಮುದ್ರವನ್ನೇ ಸೇರಿತು. ಅದು ನಡೆದ ದಾರಿಯಲ್ಲಿ ಹೈದರಾಬಾದಿನ ಓಣಿಗಳು ಮುಳುಗಿದವು. ಕಲಬುರ್ಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಲ್ಲಿ ಭೀಮೆ ಊರುಗಳಿಗೆ ನುಗ್ಗಿದಳು. ಕಡಲನ್ನು ಎಂದೂ ಕಾಣದ ರೈತನ ತೊಗರಿ ಕಡಲಿನ ಮೋಡದಿಂದ ಕೊಳೆಯಿತು.

ಅಮೆರಿಕದವರು ಇದೇ ಚಂಡಮಾರುತವನ್ನು ಹರಿಕೇನ್ ಎನ್ನುತ್ತಾರೆ. 2024ರ ಸೆಪ್ಟೆಂಬರ್ 26ರ ರಾತ್ರಿ ಹೆಲೆನ್ ಎಂಬ ಹರಿಕೇನ್ ಫ್ಲೋರಿಡಾ ಕರಾವಳಿಗೆ ಅಪ್ಪಳಿಸಿತು. ಆದರೆ ಅದು ದಡ ಮುಟ್ಟುವುದಕ್ಕಿಂತ ಮುಂಚೆಯೇ, ಕಡಲಿನಿಂದ ನೂರಾರು ಕಿಲೋಮೀಟರ್ ಒಳಗಿರುವ ಉತ್ತರ ಕೆರೊಲಿನಾದ ಗುಡ್ಡಗಾಡಿನಲ್ಲಿ ಅದರ ಮುಂಗಡ ಮಳೆ ಸುರಿದು ನೆಲವನ್ನು ನೆನೆಸಿಬಿಟ್ಟಿತ್ತು. ಬಳಿಕ ಬಂದ ಮಳೆಗೆ ಹೀರಿಕೊಳ್ಳುವ ನೆಲವೇ ಉಳಿದಿರಲಿಲ್ಲ. ಆ ಒಂದು ರಾಜ್ಯದಲ್ಲಿಯೇ ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಸಕಲ ಸೌಕರ್ಯಗಳುಳ್ಳ ನಾಡಿನ ಗುಡ್ಡದ ಜನರೂ ನಮ್ಮ ಹುನಗುಂದದ ತಾಯಿಯಂತೆಯೇ ಭಾವಿಸಿದ್ದರು: ಕಡಲು ದೂರವಿದೆ, ನಮಗೇನು?

ಈಗ ನಮ್ಮ ಮನೆಯ ಮಾತಿಗೆ ಬರೋಣ. 2009ರ ಮುಂಗಾರು ದೇಶಕ್ಕೆಲ್ಲ ಕೈಕೊಟ್ಟ ಮುಂಗಾರು. ಮಳೆಗಾಗಿ ಎಷ್ಟೋ ಊರುಗಳಲ್ಲಿ ಭಜನೆ ಮಾಡಿಸಿದ ವರ್ಷ. ಸೆಪ್ಟೆಂಬರ್ 28ಕ್ಕೆ ವಿಜಯದಶಮಿ. ಬನ್ನಿ ಕೊಟ್ಟು ಬಂಗಾರದಂತೆ ಇರೋಣವೆಂದು ಹೇಳಿದ ಬಾಯಿ ಮುಚ್ಚುವುದರೊಳಗೆ ಮಳೆ ಹಿಡಿಯಿತು. ಸೀಗಿ ಹುಣ್ಣಿಮೆ ಬರುವುದರೊಳಗಾಗಿ ಬಾಗಲಕೋಟೆ, ವಿಜಾಪುರ, ಗದಗ, ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಚಿತ್ರವೇ ಬದಲಾಗಿತ್ತು. ಇಡೀ ತಿಂಗಳಲ್ಲಿ ಬೀಳಬೇಕಾದುದಕ್ಕಿಂತ ಹೆಚ್ಚಿನ ಮಳೆ ಎರಡು ಮೂರು ದಿನಗಳಲ್ಲಿ ಬಿದ್ದಿತು. ಅಕ್ಟೋಬರ್ 2ರಂದು ಮಂತ್ರಾಲಯ ಜಲಾವೃತವಾಯಿತು. ಕರ್ನೂಲು ನಗರ ಮುಳುಗಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಡಿದರು, ಲಕ್ಷಗಟ್ಟಲೆ ಮನೆಗಳಿಗೆ ಧಕ್ಕೆಯಾಯಿತು. ಅದು ಹೆಸರಿಟ್ಟು ಕರೆದ ಚಂಡಮಾರುತವೂ ಆಗಿರಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಕೊಲ್ಲಿಯ ಕಡೆಯಿಂದ ಬಂದ ವಾಯುಭಾರ ಕುಸಿತ, ಅಷ್ಟೆ.

ಆ ದಿನಗಳಲ್ಲಿ ನಮ್ಮಿಂದಲೇ ಆದ ಒಂದು ತಪ್ಪನ್ನು ಮುಚ್ಚಿಡದೆ ಹೇಳುತ್ತೇವೆ. ಬಾದಾಮಿ ಸೀಮೆಯ ಒಂದು ಊರಿನಲ್ಲಿ ದೇವಿ ಪುರಾಣದ ಮಂಗಲ ಮುಗಿಸಿ, ಸೆಪ್ಟೆಂಬರ್ 30ರ ಸಂಜೆ ಭಕ್ತರ ಜೀಪಿನಲ್ಲಿ ಮರಳುತ್ತಿದ್ದೆವು. ದಾರಿಯಲ್ಲಿ ಒಂದು ಹಳ್ಳ. ಹಾಸುಗಲ್ಲಿನ ಕಿರುಸೇತುವೆಯ ಮೇಲೆ ಗೇಣುದ್ದ ನೀರು ಹರಿಯುತ್ತಿತ್ತು. ಚಾಲಕ ಇಪ್ಪತ್ತೈದರ ಹುಡುಗ, ಗಾಡಿ ನಿಲ್ಲಿಸಿದ. ಮರುದಿನ ಬೆಳಗಿನ ಕಾರ್ಯಕ್ರಮಕ್ಕೆ ನಾವು ಮಾತು ಕೊಟ್ಟಿದ್ದೆವು. “ನಡಿಯಪ್ಪಾ, ಶಿವ ಕಾಯ್ತಾನ” ಎಂದೆವು. ಹುಡುಗ ಕೈಮುಗಿದು ಹೇಳಿದ: “ಅಪ್ಪಾರ, ಸಿಟ್ಟಾಗಬ್ಯಾಡ್ರಿ. ಶಿವ ನನಗ ಕಣ್ಣು ಕೊಟ್ಟಾನ. ನೀರಿನ ಬಣ್ಣ ಕೆಂಪಗಾಗೇತಿ, ಕಸಕಡ್ಡಿ ತೇಲಿ ಬರಾಕತ್ತಾವ. ಮ್ಯಾಲಿನ ನೀರು ಇನ್ನ ಬರೋದೈತಿ.”

ನಮಗೆ ಒಳಗೊಳಗೆ ಸಿಟ್ಟೇ ಬಂದಿತ್ತು. ಕಾಲು ತಾಸು ಕಳೆದಿರಲಿಕ್ಕಿಲ್ಲ. ಸೇತುವೆಯ ಬದಿಯ ಕಲ್ಲುಗಳು ಕಾಣದಾದವು. ಬುಡಸಹಿತ ಕಿತ್ತ ಒಂದು ಬೇವಿನ ಮರ ನಮ್ಮ ಕಣ್ಣೆದುರಿಗೆ ತಿರುಗುತ್ತ ಹೋಯಿತು. ಅಂದು ನಮ್ಮ ಮಾತನ್ನು ಆ ಹುಡುಗ ಕೇಳಿದ್ದರೆ ಈ ಅಂಕಣವನ್ನು ಬರೆಯಲು ನಾವು ಇರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಮ್ಮನ್ನು ನಂಬಿ ಗಾಡಿಯಲ್ಲಿ ಕುಳಿತಿದ್ದ ಐದು ಜನರ ಪಾಪ ನಮ್ಮ ಕೊರಳಿಗೆ ಬೀಳುತ್ತಿತ್ತು. ಆ ರಾತ್ರಿ ಹಿಂದಿನ ಊರಿನ ಶಾಲೆಯಲ್ಲಿ ತಂಗಿದೆವು. ಕತ್ತಲೆಯಲ್ಲಿ ಮೂರು ಸಲ ಗೋಡೆ ಕುಸಿದ ಸದ್ದು ಕೇಳಿತು. ಕಣ್ಣು ಮುಚ್ಚಲಾಗಲಿಲ್ಲ.

ನಮ್ಮ ಅಂದಿನ ಮಾತು ಭಕ್ತಿಯ ಮಾತಾಗಿರಲಿಲ್ಲ. ಭಕ್ತಿಯ ಹೆಸರಿನ ಅವಸರವಾಗಿತ್ತು. ಹುಡುಗನ ಮಾತಿನಲ್ಲಿ ಅರಿವಿತ್ತು. ಕೂಡಲಸಂಗಮಕ್ಕೆ ಹೋದವರು ನೋಡಿಯೇ ಇದ್ದೀರಿ. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಏರುವುದೆಂದು ತಿಳಿದಾಗ, ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಎತ್ತರದ ಗೋಡೆ ಕಟ್ಟಿ ಅದನ್ನು ಉಳಿಸಿಕೊಂಡಿದ್ದಾರೆ. ಸಂಗಮನಾಥ ಕಾಯುತ್ತಾನೆಂದು ಕೈಕಟ್ಟಿ ಕುಳಿತಿದ್ದರೆ ಇಂದು ನಮಗೆ ಆ ದರ್ಶನ ಭಾಗ್ಯವೆಲ್ಲಿತ್ತು? ನೀರು ಬರುವ ಮೊದಲೇ ಗೋಡೆ ಕಟ್ಟುವುದೂ ಭಕ್ತಿಯೇ, ಕಾಯಕವೇ.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲು ಮಾಳಿಗೆಯ ಮಾತು. ಮಣ್ಣಿನ ಮಾಳಿಗೆ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ನಮ್ಮ ಹಿರಿಯರ ಜಾಣತನ ಅದರಲ್ಲಿದೆ. ಆದರೆ ವರ್ಷಕ್ಕೆ 550ರಿಂದ 600 ಮಿಲಿಮೀಟರ್ ಮಳೆ ಬೀಳುವ, ಅದೂ ಬಿಟ್ಟು ಬಿಟ್ಟು ಬೀಳುವ ನಾಡಿಗೆ ಅದನ್ನು ಕಟ್ಟಿದರು. ಲೆಕ್ಕ ನೋಡಿ: ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲದ ಮಾಳಿಗೆ ಸುಮಾರು 28 ಚದರ ಮೀಟರ್. 100 ಮಿಲಿಮೀಟರ್ ಮಳೆಯನ್ನು ಅದರ ಮಣ್ಣು ಹೀರಿಕೊಂಡರೆ 2,800 ಲೀಟರ್, ಅಂದರೆ 28 ಕ್ವಿಂಟಲ್ ಭಾರ. ಕ್ವಿಂಟಲ್ ತೂಕದ 28 ಜೋಳದ ಚೀಲಗಳನ್ನು ಹಳೆಯ ಜಂತಿಗಳ ಮೇಲೆ ಹೇರಿ, ಅದರ ಕೆಳಗೆ ತೊಟ್ಟಿಲು ಕಟ್ಟಿದಂತೆ. ಕೆಳಗಿನ ಮಣ್ಣಿನ ಗೋಡೆಯೂ ಅದೇ ಹೊತ್ತಿಗೆ ನೆನೆದು ಮೆತ್ತಗಾಗಿರುತ್ತದೆ. ಮಳೆ ನಿಂತ ಮೇಲೂ, ಬಿಸಿಲು ಬಿದ್ದ ಮೇಲೂ ಗೋಡೆ ಕುಸಿಯುವುದುಂಟು.

ಆದುದರಿಂದ ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಹುಲ್ಲು ಕಿತ್ತು, ಬಿಲಗಳನ್ನು ಮುಚ್ಚಿ, ನೀರು ಹೊರಬೀಳುವ ದೋಣಿಗಳನ್ನು ಸ್ವಚ್ಛಮಾಡಿರಿ. ಜಂತಿ ಬಾಗಿದೆಯೆ, ಗೋಡೆ ಉಬ್ಬಿದೆಯೆ ನೋಡಿರಿ. ಎರಡು ದಿನ ಎಡೆಬಿಡದೆ ಮಳೆ ಹಿಡಿದರೆ ಅಂತಹ ಮನೆಯಲ್ಲಿ ಮಲಗಬೇಡಿರಿ. ಮಣ್ಣು ಉದುರುವ ಸದ್ದು ಕೇಳಿದರೆ, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ ಪೆಟ್ಟಿಗೆ, ಪಾತ್ರೆ, ಕಾಳುಕಡಿ ಏನನ್ನೂ ನೋಡದೆ ಹೊರಗೆ ಬನ್ನಿರಿ.

ಎರಡನೆಯದು ಹಳ್ಳದ ಮಾತು. ನಮ್ಮ ಎರೆಯ ಭೂಮಿ ಒಣಗಿದಾಗ ಬಿರುಕು ಬಿಟ್ಟು ಮೊದಲ ಮಳೆಯನ್ನು ಕುಡಿಯುತ್ತದೆ. ಒಮ್ಮೆ ನೆನೆದು ಉಬ್ಬಿತೆಂದರೆ ಬಿರುಕು ಮುಚ್ಚಿಹೋಗಿ ಮುಂದಿನ ಮಳೆಯನ್ನು ಹಳ್ಳಕ್ಕೆ ನೂಕುತ್ತದೆ. ಹತ್ತು ಚದರ ಕಿಲೋಮೀಟರ್ ಪ್ರದೇಶದ ಮೇಲೆ 50 ಮಿಲಿಮೀಟರ್ ಮಳೆ ಬಿದ್ದು ಅದರಲ್ಲಿ ಅರ್ಧ ಹರಿದು ಬಂದರೂ ಹಳ್ಳಕ್ಕೆ ಇಳಿಯುವ ನೀರು 25 ಕೋಟಿ ಲೀಟರ್! ಇಷ್ಟು ನೀರು ಹೋಗಲು ಹಿರಿಯರು ಬಿಟ್ಟಿದ್ದ ದಾರಿಯನ್ನು ನಾವೇನು ಮಾಡಿದ್ದೇವೆ? ಹಳ್ಳದ ದಂಡೆಯನ್ನು ಉತ್ತು ಕಬ್ಬು ಹಚ್ಚಿದ್ದೇವೆ. ಉಳಿದುದರಲ್ಲಿ ಜಾಲಿಕಂಟಿ ಬೆಳೆಯಲು ಬಿಟ್ಟಿದ್ದೇವೆ. ಸೇತುವೆಯ ಕೊಳವೆಗಳಿಗೆ ಕಸ ತುಂಬಿದ್ದೇವೆ. ಎರಡು ಸಾಲು ಕಬ್ಬಿನ ಆಸೆಗೆ ಕೆಳಗಿನ ಓಣಿಯ ಹತ್ತು ಮನೆಗಳಿಗೆ ನೀರು ನುಗ್ಗಿದರೆ ಅದು ಯಾವ ದಾಸೋಹವಾದೀತು? ಈ ಮಾತು ಕೆಲವು ಭಕ್ತರಿಗೆ ಕಹಿಯಾದೀತು. ಕಹಿಯಾದರೂ ಹೇಳುವುದು ನಮ್ಮ ಧರ್ಮ.

ಹರಿಯುವ ನೀರಿನ ಬಲವನ್ನು ಕಡಿಮೆ ಎಣಿಸಬೇಡಿರಿ. ರಭಸದ ನೀರು ಗೇಣುದ್ದವಿದ್ದರೂ ಆಳನ್ನು ಕೆಡವಬಲ್ಲುದು. ಒಂದು ಅಡಿ ನೀರು ಸಣ್ಣ ಕಾರನ್ನು ಎತ್ತಬಲ್ಲುದು. ಎರಡು ಅಡಿ ನೀರು ದೊಡ್ಡ ಗಾಡಿಯನ್ನೂ ಒಯ್ಯಬಲ್ಲುದು. ಸೇತುವೆಯ ಮೇಲೆ ನೀರಿದ್ದರೆ ಅದರ ಕೆಳಗೆ ರಸ್ತೆ ಉಳಿದಿದೆಯೋ ಇಲ್ಲವೋ ಯಾರು ಬಲ್ಲರು? ಮದುವೆಯ ಮುಹೂರ್ತ ತಪ್ಪಿದರೆ ಇನ್ನೊಂದು ಇದೆ, ಜಾತ್ರೆ ತಪ್ಪಿದರೆ ಮುಂದಿನ ವರ್ಷವಿದೆ. ತುಂಬಿದ ಹಳ್ಳದ ದಂಡೆಗೆ ಮಕ್ಕಳನ್ನು ಕರೆದೊಯ್ದು ಮೊಬೈಲಿನಲ್ಲಿ ಚಿತ್ರ ತೆಗೆಯುವ ಹವ್ಯಾಸವನ್ನೂ ಬಿಡಿರಿ. ಹಳ್ಳದ ತಗ್ಗಿನಲ್ಲಿ ದನ ಕಟ್ಟಿದ್ದರೆ ಸಂಜೆಯೇ ಎತ್ತರಕ್ಕೆ ತನ್ನಿರಿ. ತರಲಾಗದಿದ್ದರೆ ಕಣ್ಣಿ ಬಿಚ್ಚಿರಿ. ಮೂಕ ಪ್ರಾಣಿಗೆ ಈಜು ಗೊತ್ತು, ಗಂಟು ಬಿಚ್ಚಲು ಗೊತ್ತಿಲ್ಲ. ನೀರು ಏರಿದಾಗ ಪಂಪಸೆಟ್ಟಿನ ಸ್ಟಾರ್ಟರ್ ಮುಟ್ಟಲು ಹೋಗಿ ಪ್ರಾಣ ಕಳೆದುಕೊಳ್ಳಬೇಡಿರಿ.

ಮೂರನೆಯದು ಮುನ್ಸೂಚನೆಯ ಮಾತು. ಹವಾಮಾನ ಇಲಾಖೆಯವರು ಒಂದು ದಿನದಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆಯೆಂದೂ, 115.6ರಿಂದ 204.4ರವರೆಗೆ ಅತಿ ಭಾರಿಯೆಂದೂ, ಅದಕ್ಕೂ ಮೇಲಾದರೆ ಅತ್ಯಂತ ಭಾರಿಯೆಂದೂ ಹೇಳುತ್ತಾರೆ. ಹಳದಿ ಬಣ್ಣವೆಂದರೆ ಗಮನವಿರಲಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕೂಡಲೇ ಕಾರ್ಯಪ್ರವೃತ್ತರಾಗಿರಿ ಎಂದು ಅರ್ಥ. “ಕಳೆದ ಸಲ ಹೇಳಿದ್ದರು, ಹನಿಯೂ ಬೀಳಲಿಲ್ಲ” ಎಂದು ನಗುವವರಿದ್ದಾರೆ. ನಾಲ್ಕು ಸಲ ಹುಸಿಯಾದರೆ ನಾಲ್ಕು ರಾತ್ರಿ ಶಾಲೆಯಲ್ಲಿ ಮಲಗಿದಿರಿ, ಅಷ್ಟೇ ನಷ್ಟ. ಐದನೆಯ ಸಲ ನಿಜವಾದರೆ ಮನೆಮಂದಿಯೆಲ್ಲ ಉಳಿದಿರಿ. ಬಂಗಾಳ ಕೊಲ್ಲಿಯ ಹೆಸರು ಕೇಳಿದ ದಿನವೇ ಕುಡಿಯುವ ನೀರು ತುಂಬಿಡಿರಿ. ಹಿರಿಯರ ಗುಳಿಗೆ, ರೇಶನ್ ಕಾರ್ಡು, ಹೊಲದ ಕಾಗದ, ಪಾಸ್‌ಬುಕ್ಕುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದೇ ಕಡೆ ಇಡಿರಿ. ಬ್ಯಾಟರಿ ಕೈಗೆ ಸಿಗುವಂತಿರಲಿ. ತುರ್ತಿಗೆ 112 ಸಂಖ್ಯೆಯನ್ನು ಮನೆಯ ಮಕ್ಕಳಿಗೂ ಬಾಯಿಪಾಠ ಮಾಡಿಸಿರಿ. ನೆರೆ ಇಳಿದ ಮೇಲೆ ಕೆಲವು ದಿನ ನೀರನ್ನು ಕುದಿಸಿಯೇ ಕುಡಿಯಿರಿ.

ಕೊನೆಯದು, ಊರು ಕೂಡಿ ಮಾಡಬೇಕಾದ ಮಾತು. ಹಾಳಾದ ಮಾಳಿಗೆಯಲ್ಲಿ ಇರುವವರು ಹೆಚ್ಚಾಗಿ ಬಡವರು, ಒಂಟಿ ಮುದುಕಿಯರು. “ಮನೆ ಬಿಟ್ಟು ಹೊರಗೆ ಬನ್ನಿ” ಎಂದು ಹೇಳುವುದು ಸುಲಭ, ಎಲ್ಲಿಗೆ ಬರಬೇಕು? ಪ್ರತಿಯೊಂದು ಊರಿನ ಮಠ, ಕಲ್ಯಾಣಮಂಟಪ, ಸಮುದಾಯ ಭವನಗಳ ಬೀಗದ ಕೈ ಯಾರ ಬಳಿಯಿದೆ ಎಂಬುದು ಊರಿಗೆಲ್ಲ ತಿಳಿದಿರಲಿ. ಮಳೆಯ ರಾತ್ರಿ ಆ ಬಾಗಿಲು ಜಾತಿ ಕೇಳದೆ ತೆರೆಯಲಿ. ಓಣಿಯ ತರುಣರು ಮಣ್ಣಿನ ಮನೆಗಳ, ಬಸುರಿ ಬಾಣಂತಿಯರ, ಅಂಗವಿಕಲರ, ಒಂಟಿ ಹಿರಿಯರ ಪಟ್ಟಿ ಮಾಡಿಟ್ಟುಕೊಳ್ಳಲಿ. ಯಾರನ್ನು ಯಾರು ಕರೆತರಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಲಿ. ಬೇಸಿಗೆಯಲ್ಲಿ ಒಂದು ದಿನ ಊರೆಲ್ಲ ಕೂಡಿ ಹಳ್ಳದ ಕಂಟಿ ಕಡಿಯಲಿ.

ಇದು ಆಗದ ಮಾತೆಂದು ಯಾರೂ ಹೇಳಬಾರದು. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ತೀರದ ರೈತರು ಸರಕಾರದ ದಾರಿ ಕಾಯದೆ, ತಾವೇ ವಂತಿಗೆ ಕೂಡಿಸಿ, ಬೆವರು ಸುರಿಸಿ 1989ರಲ್ಲಿ ಬ್ಯಾರೇಜು ಕಟ್ಟಿ ನಿಲ್ಲಿಸಿದರು. ಅದರ ಹೆಸರೇ ಶ್ರಮಬಿಂದು ಸಾಗರ. ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರನ್ನು ಜನ ಬ್ಯಾರೇಜ್ ಸಿದ್ದು ಎಂದೇ ಕರೆದರು. ಕೃಷ್ಣೆಗೇ ಒಡ್ಡು ಹಾಕಿದ ಸೀಮೆಯ ಜನ ನಾವು. ಒಂದು ಹಳ್ಳಕ್ಕೆ ಅದರ ದಾರಿಯನ್ನು ಮರಳಿ ಕೊಡಲಾರೆವೆ?

ಬಾಡಗಂಡಿಯಿಂದ ಹೊರಡುವಾಗ ಆ ತಾಯಿ ನಮ್ಮ ಕೈಯಲ್ಲಿ ಎರಡು ಬಾಳೆಹಣ್ಣು ಇಟ್ಟು, “ನೀವು ಹೇಳಿದ್ದು ಪುಸ್ತಕದಾಗ ಬರೀರಿ ಅಪ್ಪಾರ. ನಮ್ಮವ್ವಗಂತೂ ಹೇಳಾವರು ಯಾರೂ ಇರಲಿಲ್ಲ” ಎಂದಳು. ಆಕೆಗೆ ಕೊಟ್ಟ ಮಾತನ್ನು ಇಲ್ಲಿ ನಡೆಸಿದ್ದೇವೆ. ಓದುಬಲ್ಲವರು ಈ ಪುಟವನ್ನು ಓದಲು ಬಾರದ ನೆರೆಮನೆಯ ಹಿರಿಯರಿಗೆ ಓದಿ ಹೇಳಿದರೆ, ಈ ತಿಂಗಳ ನಮ್ಮ ಸೇವೆ ಸಾರ್ಥಕವಾಯಿತೆಂದು ತಿಳಿಯುತ್ತೇವೆ.